ಹಿತ್ತಲಿನ ಹೊಗೆ

ಜೂನ್ 8, 1997, ಭಾನುವಾರ

ಸಿಗರೇಟು ಸೇದಬೇಕೆನಿಸಿದಾಗಲೆಲ್ಲ ಒಂದು ಪುಸ್ತಕ ತೆಗೆದು ಬರೆಯಲು ಕೂತುಕೊಳ್ಳಿ, ಚಪಲ ತಾನಾಗಿ ಇಳಿಯುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಅವರ ಮಾತನ್ನು ಚಾಚೂ ತಪ್ಪದೆ ಪಾಲಿಸಿದರೆ ನಾನು ಸ್ನಾನಕ್ಕೂ ಏಳುವಂತಿಲ್ಲ. ಕಾಫಿ ಕುಡಿದಾಗ ಅನಿಸಿತು, ಪೇಪರ್ ಬಿಡಿಸಿದಾಗ ಅನಿಸಿತು, ಪೂಜೆ ಮುಗಿಸಿ ಮಂಗಳಾರತಿಯ ಹೊಗೆ ನೋಡಿದಾಗಲೂ ಅನಿಸಿತು. ದೇವರು ಕ್ಷಮಿಸಲಿ.

ಹೋದ ತಿಂಗಳು ಬ್ಯಾಂಕಿನ ಲಿಫ್ಟಿನಲ್ಲಿ ಎದೆ ಹಿಡಿದುಕೊಂಡು ಕುಸಿದವನು ನಾನು. ಈಗ ರಜೆಯ ಮೇಲೆ ಮನೆಯಲ್ಲಿದ್ದೇನೆ. ಇನ್ನೊಮ್ಮೆ ಹೀಗಾದರೆ ನಮ್ಮಿಂದ ಏನೂ ಮಾಡಲಾಗದು, ಸಿಗರೇಟು ಬಿಡಲೇಬೇಕು ಎಂದರು ಡಾಕ್ಟರು. ಅದಕ್ಕೂ ಹೆದರಲಿಲ್ಲ. ಹೆದರಿದ್ದು ಹೆಂಡತಿ ಅಲಮೇಲುವಿನ ಮಾತಿಗೆ.

“ನೋಡ್ರೀ, ಆಸ್ಪತ್ರೇಲಿ ನಿಮ್ಮ ಪಕ್ಕ ಕೂತಿದ್ದಾಗ್ಲೇ ಡಿಸೈಡ್ ಮಾಡಿದೀನಿ. ಇನ್ನೊಂದು ಸಲ ಸೇದಿದ್ದು ಗೊತ್ತಾದ್ರೆ ನಿಮ್ಮನ್ನ ನಂಬೋದನ್ನೇ ಬಿಟ್ಬಿಡ್ತೀನಿ. ಜಗಳ ಗಿಗಳ ಏನೂ ಇಲ್ಲ. ಅನ್ನ ಹಾಕ್ತೀನಿ, ಬಟ್ಟೆ ಒಗೀತೀನಿ. ನಂಬಲ್ಲ, ಅಷ್ಟೇ.”

ಜಗಳವಾಗಿದ್ದರೆ ನಿಭಾಯಿಸಬಹುದಿತ್ತು. ಇಪ್ಪತ್ತು ವರ್ಷದ ಅನುಭವವಿದೆ. ಇದು ಯಾಕೋ ಹೊಸ ಥರ.

ಸಾಲದ್ದಕ್ಕೆ ಅಲಮೇಲು ಮಗಳು ಗಾರ್ಗಿಗೆ ಮೂಗಿನ ಡ್ಯೂಟಿ ಹಚ್ಚಿದ್ದಾಳೆ. ನವೆಂಬರಿನಲ್ಲಿ ಎ ಲೆವೆಲ್ ಪರೀಕ್ಷೆ, ಅಂದರೆ ನಮ್ಮ ಪಿಯುಸಿಯಂಥದ್ದು, ಇಟ್ಟುಕೊಂಡಿರುವ ಹುಡುಗಿ, ದಿನಾ ಸಂಜೆ ಪುಸ್ತಕ ಬಿಟ್ಟು ಬಂದು ನನ್ನ ಶರ್ಟಿನ ಕಾಲರ್ ಮೂಸಿ “ಕ್ಲಿಯರ್” ಎಂದು ಘೋಷಿಸುತ್ತಾಳೆ. ಸಿಂಗಾಪುರದ ಚಾಂಗಿ ಏರ್‌ಪೋರ್ಟಿನ ಕಸ್ಟಮ್ಸ್‌ನವರೂ ಇಷ್ಟು ಕಟ್ಟುನಿಟ್ಟಲ್ಲ. ಮೊನ್ನೆ ಪಕ್ಕದ ಮನೆಯ ಮಿಸ್ಟರ್ ಸೆಂಗ್ ಬೇಲಿಯ ಮೇಲಿಂದ ಕೊಟ್ಟದ್ದನ್ನು ಅರ್ಧ ಸೇದಿ, ಏಲಕ್ಕಿ ಅಗಿದು, ಕೈಗೆ ನಿಂಬೆಹಣ್ಣು ಉಜ್ಜಿಕೊಂಡು ಒಳಗೆ ಬಂದೆ.

“ಅಪ್ಪಾ, ಯಾಕೆ ನಿಂಬೆಹಣ್ಣು ಸ್ಮೆಲ್?”

“ಪಾನಕ ಮಾಡೋಣ ಅಂತಿದ್ದೆ.”

ಬಚಾವಾದೆ. ಆದರೆ ದಿನಾ ಪಾನಕ ಮಾಡುವ ಗಂಡಸನ್ನು ಯಾರು ನಂಬುತ್ತಾರೆ?

ಜೂನ್ 11, ಬುಧವಾರ

ಜ್ಞಾನೋದಯವಾಯಿತು!

ಮಿಸ್ಟರ್ ಸೆಂಗ್ ಸಂಜೆ ತನ್ನ ಹಿತ್ತಲಿನ ತಗಡಿನ ಡಬ್ಬದಲ್ಲಿ, ಚೀನೀಯರ ಪದ್ಧತಿಯಂತೆ, ತೀರಿಹೋದ ಹಿರಿಯರಿಗೆಂದು ಕಾಗದ ಸುಡುತ್ತಿದ್ದ. ನಾನು ಬೇಲಿಯ ಹತ್ತಿರ ಮಾತಾಡುತ್ತ ನಿಂತಿದ್ದೆ, ಸಾಧುವಾಗಿ, ಏನೂ ಸೇದದೆ. ಒಳಗೆ ಬಂದಾಗ ಗಾರ್ಗಿ ಕಾಲರ್ ಮೂಸಿ ಮುಖ ಸಿಂಡರಿಸಿ, ಮಾತಿನ ಕೊನೆಗೆ ಈ ಊರಿನವರ ‘ಲಾ’ ಹಚ್ಚಿ ಹೇಳಿದಳು.

“ಫುಲ್ ಹೊಗೆ. ಏನೂ ಗೊತ್ತಾಗ್ತಾ ಇಲ್ಲ ಲಾ.”

ಏನೂ ಗೊತ್ತಾಗುತ್ತಿಲ್ಲ! ಸಾಕ್ಷಾತ್ ಸರಸ್ವತಿಯೇ ಅವಳ ನಾಲಿಗೆಯ ಮೇಲೆ ಕೂತು ನುಡಿಸಿದಂತಿತ್ತು. ನನ್ನ ಹಿತ್ತಲಿನಲ್ಲೂ ದಿನಾ ಹೊಗೆಯಾಡುವ ವಸ್ತುವೊಂದು ಇದ್ದುಬಿಟ್ಟರೆ? ಮರ್ಯಾದಸ್ಥ ವಸ್ತು, ಮನೆಯವರೆಲ್ಲ ಒಪ್ಪುವಂಥದ್ದು. ಗಾರ್ಗಿಗೆ ಪಿಜ್ಜಾ ಎಂದರೆ ಪ್ರಾಣ. ಊಟಕ್ಕೆ ಕೂತಾಗ ಗಂಟಲು ಸರಿಮಾಡಿಕೊಂಡು ಹೇಳಿದೆ: ಹಿತ್ತಲಿನಲ್ಲಿ ನಾನೇ ಕೈಯಾರೆ ಇಟ್ಟಿಗೆಯ ಪಿಜ್ಜಾ ಒಲೆ ಕಟ್ಟುತ್ತೇನೆ. ಕಟ್ಟಿಗೆ ಉರಿಸುವ ಒಲೆ, ಇಟಲಿಯವರ ಥರ.

“ಗೋಡೆಗೆ ಮೊಳೆ ಹೊಡೆಯೋಕೂ ಕಾಂಟ್ರಾಕ್ಟರ್ ಕರೆಸೋರು ನೀವು” ಎಂದಳು ಅಲಮೇಲು.

“ಲೈಟಾಗಿ ಕೈಕೆಲಸ ಮಾಡಿ ಅಂತ ಡಾಕ್ಟರೇ ಹೇಳಿದಾರಲ್ಲೇ.”

ಅವಳು ಸಾರು ಬಡಿಸುತ್ತ ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. “ಸರಿ ಕಟ್ಟಿ. ಆದ್ರೆ ಬೆಂಕಿ ಆಗ್ನೇಯ ಮೂಲೇಲೇ ಇರ್ಬೇಕು. ವಾಸ್ತು ವಿಷಯದಲ್ಲಿ ಮಾತ್ರ ನಿಮ್ಮ ಆಟ ಬೇಡ.”

ಆಗ್ನೇಯವಾದರೇನು, ಅಟ್ಟದ ಮೇಲಾದರೇನು. ನನಗೆ ಬೇಕಿದ್ದುದು ಹೊಗೆ.

ಜೂನ್ 15, ಭಾನುವಾರ

ಸಣ್ಣದೊಂದು ಹಿನ್ನಡೆ.

ಆಂಗ್ ಮೋ ಕಿಯೋ ಬಡಾವಣೆಯ ಫ್ಲ್ಯಾಟುಗಳ ಬೆನ್ನಿಗೆ ಅಂಟಿಕೊಂಡಂತಿರುವ ಈ ಸಾಲುಮನೆಗೆ ನಾವು ಬಂದು ಇನ್ನೂ ವರ್ಷ ತುಂಬಿಲ್ಲ. ಹಿತ್ತಲಿಗೆ ಎರಡು ಮೂಲೆ. ಒಂದು ಸಾಮಾನಿನ ಕೋಣೆಯ ಹಿಂದೆ. ಅಲ್ಲಿ ಮನುಷ್ಯ ನಿಂತರೆ ದೇವರಿಗೂ ಕಾಣಿಸುವುದಿಲ್ಲ. ಇನ್ನೊಂದು ಅಡಿಗೆಮನೆಯ ಕಿಟಕಿಗೆ ನೇರ. ನನ್ನ ಕಣ್ಣು ಮೊದಲನೆಯದರ ಮೇಲೆಯೇ ಇತ್ತೆಂದು ಬೇರೆ ಬರೆಯಬೇಕಿಲ್ಲ.

ಸೂರ್ಯ ಹುಟ್ಟುವುದು ಹಿಂದಿನ ಗೋಡೆಯ ಕಡೆ, ಹಾಗಾಗಿ ಅದು ಪೂರ್ವ. ಅದರಲ್ಲಿ ತಕರಾರಿಲ್ಲ. ಎರಡು ಮೂಲೆಗಳಲ್ಲಿ ಆಗ್ನೇಯ ಯಾವುದು, ಈಶಾನ್ಯ ಯಾವುದು? ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಅಪ್ಪ ಕಲಿಸಿದ ವಿದ್ಯೆಯಿದೆ: ನಡುಮಧ್ಯಾಹ್ನ ಒಂದು ಕೋಲು ನೆಡು, ನೆರಳು ಬಿದ್ದ ಕಡೆ ಉತ್ತರ. ಹೆಂಡತಿ ಮಗಳನ್ನು ಕರೆದು, ನೆಟ್ಟಗೆ ಕೋಲು ನೆಟ್ಟೆ. ನೆರಳು ಸಾಮಾನಿನ ಕೋಣೆಯ ಕಡೆಗೆ ಬಿತ್ತು. ಅಂದರೆ ಅದು ಉತ್ತರ. ನನ್ನ ಸ್ವರ್ಗವೇ ಈಶಾನ್ಯ, ದೇವರ ಮೂಲೆ. ಆಗ್ನೇಯ ಇರುವುದು ಅಡಿಗೆಮನೆಯ ಕಿಟಕಿಯೆದುರು!

ನನ್ನ ಕೋಲು ನನಗೇ ಕೈಕೊಟ್ಟಿತು. ಅಲಮೇಲು ಕೋಲು ನೋಡಿದಳು, ಒಣಗಲು ಹಾಕಿದ್ದ ಬಟ್ಟೆಗಳ ಕಡೆ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. “ನಿಮ್ಮ ಲೆಕ್ಕ ಎಲ್ಲಾದ್ರೂ ತಪ್ಪತ್ತಾ?” ಎಂದು ಒಳಗೆ ಹೋದಳು. ಗೌರವದಿಂದಲೇ ಹೇಳಿದಳು.

ಇರಲಿ. ಕಿಟಕಿಗೆ ಬೆನ್ನು ಹಾಕಿ ಬಗ್ಗಿ ನಿಂತರೆ ಮರೆಯಾಗುತ್ತದೆ.

ಜೂನ್ 28, ಶನಿವಾರ

ಯಾವುದೋ ಹಳೆಯ ಅಂಗಡಿಮನೆ ಕೆಡವಿದ ಇಟ್ಟಿಗೆಗಳು ಲಾರಿಯಲ್ಲಿ ಬಂದವು. ಬೆಂಕಿ ತಾಗುವ ಒಳಭಾಗಕ್ಕೆಂದು ಜುರಾಂಗ್ ಕಡೆಯಿಂದ ಬಿಳಿಯ ಬೆಂಕಿ ಇಟ್ಟಿಗೆಗಳೂ ಬಂದವು. ಹೊತ್ತುಹೊತ್ತು ಸೊಂಟ ಬಿದ್ದುಹೋಯಿತು. ಇಟ್ಟಿಗೆಯ ರಾಶಿ ನನ್ನೆತ್ತರ ಬೆಳೆದದ್ದೊಂದು ಭಾಗ್ಯ. ಅದರ ಹಿಂದೆ ಕುಕ್ಕರಗಾಲಲ್ಲಿ ಕೂತು ಒಂದು ಸೇದಿದೆ, ಪೂರ್ತಿ. ಸಂಜೆ ಗಾರ್ಗಿ ಮೂಸಿ, “ಛೀ, ಬರೀ ಬೆವರು, ಮಣ್ಣು. ಕ್ಲಿಯರ್” ಎಂದಳು.

ಒಲೆ ಕಟ್ಟುವ ಮೊದಲೇ ಫಲ ಕೊಡತೊಡಗಿದೆ! ನನ್ನ ತಲೆಯ ಬಗ್ಗೆ ನನಗೇ ಅಭಿಮಾನ ಉಕ್ಕಿತು.

ಜುಲೈ 6, ಭಾನುವಾರ

ಅಡಿಪಾಯದ ಕಟ್ಟೆ ಮುಗಿಯಿತು. ಒಂದು ಕಡೆ ಬೆರಳಿನಷ್ಟು ವಾಲಿತ್ತು. ಯಾರಿಗೂ ಗೊತ್ತಾಗುವುದಿಲ್ಲ ಎಂದು ಬಿಟ್ಟು ಒಳಗೆ ಬಂದವನು, ಕಾಫಿ ಅರ್ಧಕ್ಕೆ ಬಿಟ್ಟು ಹೋಗಿ ಆ ಸಾಲನ್ನೆಲ್ಲ ಕಿತ್ತು ಮತ್ತೆ ಕಟ್ಟಿದೆ. ಯಾಕೆ ಕಿತ್ತೆನೋ ಗೊತ್ತಿಲ್ಲ. ಹೊಗೆಗೆ ವಾಲಿದ ಕಟ್ಟೆಯಾದರೂ ಆಗುತ್ತಿತ್ತು.

ಮಿಸ್ಟರ್ ಸೆಂಗ್ ಬೇಲಿಯ ಮೇಲಿಂದ ಸಿಗರೇಟು ಚಾಚಿ, “ಒಂದೇ ಒಂದು ಲಾ, ಹೆಂಡತಿ ಒಳಗಿದ್ದಾಳೆ” ಎಂದ. ಎರಡೂ ಕೈಗೆ ಸಿಮೆಂಟು ಮೆತ್ತಿತ್ತು. ಕಿವಿಯ ಸಂದಿಗೆ ಸಿಕ್ಕಿಸು, ಆಮೇಲೆ ಸೇದುತ್ತೇನೆ ಎಂದೆ. ಸಂಜೆ ಸ್ನಾನಕ್ಕೆ ನಿಂತು ತಲೆಗೆ ನೀರು ಹುಯ್ದುಕೊಂಡಾಗ ಅದು ನೆನೆದು ಮುದ್ದೆಯಾಗಿ ಕಾಲಬುಡಕ್ಕೆ ಬಿತ್ತು. ಸದ್ಯ, ಮೂಗಿನ ಅಧಿಕಾರಿ ಮನೆಯಲ್ಲಿರಲಿಲ್ಲ.

ಜುಲೈ 19, ಶನಿವಾರ

ಗುಮ್ಮಟಕ್ಕೆ ಅಚ್ಚು ಬೇಕು. ಲೈಬ್ರರಿಯಿಂದ ತಂದ ಪುಸ್ತಕದಲ್ಲಿ ಹೇಳಿದ ಹಾಗೆ ಕಟ್ಟೆಯ ಮೇಲೆ ಒದ್ದೆ ಮರಳನ್ನು ದುಂಡಗೆ ಗುಡ್ಡೆ ಹಾಕಿ, ತಟ್ಟಿ ನುಣುಪು ಮಾಡಿದೆ. ಅದರ ಮೇಲೆ ನೀರು ಚಿಮುಕಿಸುತ್ತಿದ್ದಾಗ ಅಲಮೇಲು ಕಿಟಕಿಯಿಂದ ಕೂಗಿದಳು.

“ಏನ್ರೀ ಇದು, ಅಯ್ಯಂಗಾರ್ರ ಮನೆ ಹಿತ್ತಿಲಲ್ಲಿ ಶಿವಲಿಂಗ ಪ್ರತಿಷ್ಠೆ ಮಾಡಿ ಅಭಿಷೇಕ ನಡೆಸಿದೀರಾ?”

ಬಿದ್ದುಬಿದ್ದು ನಕ್ಕೆವು, ಮೂವರೂ. ಆಸ್ಪತ್ರೆಯಿಂದ ಬಂದಮೇಲೆ ಅವಳು ಹೀಗೆ ನಕ್ಕದ್ದು ಇದೇ ಮೊದಲು.

ಜುಲೈ 27, ಭಾನುವಾರ

ಗುಮ್ಮಟದ ಇಟ್ಟಿಗೆ. ಮರಳಿನ ಮೇಲೆ ಒದ್ದೆ ಪೇಪರ್ ಹೊದಿಸಿ, ಕೆಳಗಿನಿಂದ ಸಾಲುಸಾಲಾಗಿ ಏರಿಸಬೇಕು. ಮೇಲೆ ಹೋದಷ್ಟೂ ಸಾಲು ಕಿರಿದಾಗುತ್ತದೆ, ಇಟ್ಟಿಗೆಯನ್ನು ಓರೆಯಾಗಿ ಒಡೆಯಬೇಕು. ಹತ್ತು ಒಡೆದರೆ ನಾಲ್ಕು ಸರಿಯಾಗುತ್ತವೆ. ಬೆಳಿಗ್ಗೆ ಬೈದುಕೊಂಡು ಒಡೆದೆ, ಮಧ್ಯಾಹ್ನ ಹಾಡಿಕೊಂಡು ಒಡೆದೆ. ಕೈಗೆ ಇಟ್ಟಿಗೆಯ ಗುಟ್ಟು ಸಿಕ್ಕಿಬಿಟ್ಟಿದೆ. ಎಲ್ಲಿ ಪೆಟ್ಟು ಹಾಕಿದರೆ ಎಲ್ಲಿ ಬಿರಿಯುತ್ತದೆಂದು ಸದ್ದಿನಿಂದಲೇ ತಿಳಿಯುತ್ತದೆ. ನೆತ್ತಿಯ ಕೊನೆಯ ಇಟ್ಟಿಗೆ ಒತ್ತಿದಾಗ ಇಡೀ ಗುಮ್ಮಟ ಬಿಗಿಯಾಗಿ ಕೂತದ್ದು ಅಂಗೈಗೆ ತಿಳಿಯಿತು. ಬ್ಯಾಂಕಿನಲ್ಲಿ ಇಷ್ಟು ವರ್ಷ ದುಡಿದಿದ್ದೇನೆ, ಅಂಗೈಗೆ ಏನಾದರೂ ತಿಳಿದದ್ದು ನೆನಪಿಲ್ಲ.

ನಡುವೆ ಸೆಂಗ್ ಏನೋ ಕೊಡಲು ಕೈ ಚಾಚಿದ. ಈಗ ಮಾತಾಡಿಸಬೇಡ ಎಂದು ಅಟ್ಟಿಬಿಟ್ಟೆ. ಬೇಜಾರು ಮಾಡಿಕೊಂಡನೋ ಏನೋ.

ಆಗಸ್ಟ್ 9, ಶನಿವಾರ

ರಾಷ್ಟ್ರೀಯ ದಿನ, ಎಲ್ಲರಿಗೂ ರಜೆ. ನನಗೆ ಮಾತ್ರ ಮಾನಭಂಗ.

ಗಾರ್ಗಿ ಬಾಗಿಲಲ್ಲಿ ಭೂಗೋಳದ ಪುಸ್ತಕ ಹಿಡಿದು ಕೂತಿದ್ದವಳು ತಲೆಯೆತ್ತಿ, “ಅಪ್ಪಾ, ಅವತ್ತು ಕೋಲು ನೆಟ್ಟಿದ್ದು ಜೂನ್‌ನಲ್ಲಿ ಅಲ್ವಾ?” ಎಂದಳು.

“ಹೌದು, ಯಾಕೆ?”

“ಜೂನ್‌ನಲ್ಲಿ ಇಲ್ಲಿ ಸೂರ್ಯ ನಾರ್ತ್‌ನಲ್ಲಿ ಇರ್ತಾನೆ. ನೆರಳು ಸೌತ್‌ಗೆ ಬೀಳತ್ತೆ. ನೀವು ಉಲ್ಟಾ ಓದ್ಬಿಟ್ರಿ ಲಾ.”

“ನಮ್ಮಪ್ಪ ಮೈಸೂರಲ್ಲಿ ಹೇಳಿಕೊಟ್ಟಿದ್ದು ಕಣೇ ಅದು!”

“ಯಾವಾಗ?”

“ಸಂಕ್ರಾಂತಿ ರಜೇಲಿ.”

“ತಾತ ಹೇಳಿದ್ದು ಸಂಕ್ರಾಂತಿಗೆ ಕರೆಕ್ಟ್. ಜೂನ್‌ನಲ್ಲಿ ಮೈಸೂರಲ್ಲೂ ರಾಂಗೇ.”

ಎದೆ ಧಸಕ್ಕೆಂದಿತು, ಈ ಸಲ ಹೃದಯದ ಕಾರಣಕ್ಕಲ್ಲ. ಹಾಗಾದರೆ ಸಾಮಾನಿನ ಕೋಣೆಯ ಹಿಂದಿನದೇ ನಿಜವಾದ ಆಗ್ನೇಯ. ಬೆಂಕಿಯ ಒಲೆಯನ್ನು ಕೊಂಡೊಯ್ದು ದೇವರ ಈಶಾನ್ಯದಲ್ಲಿ, ಹೆಂಡತಿಯ ಕಣ್ಣೆದುರು ಕಟ್ಟಿ ಕೂರಿಸಿದ್ದೇನೆ!

ಅಲಮೇಲು ಕಿಟಕಿಯಲ್ಲೇ ನಿಂತು ಹುರುಳಿಕಾಯಿ ಸೋಸುತ್ತಿದ್ದಳು. “ದಿನಾ ಪೂಜೇಲಿ ಸಂಕಲ್ಪ ಮಾಡೋವಾಗ ‘ಉತ್ತರಾಯಣೇ’ ಅಂತಿದ್ರಲ್ಲ, ಸೂರ್ಯ ಉತ್ತರಕ್ಕೆ ಹೋಗಿದಾನೆ ಅಂತ ಒಂದಿನಾನಾದ್ರೂ ತಲೆಗೆ ಹೋಗ್ಲಿಲ್ವಾ?”

“ನಿಂಗೆ ಗೊತ್ತಿತ್ತಾ?”

“ದಿನಾ ಬಟ್ಟೆ ಒಣಗಿಸೋಳು ನಾನು. ಬಿಸಿಲು ಯಾವ ಕಡೆಯಿಂದ ಬರತ್ತೆ ಅಂತ ಗೊತ್ತಿಲ್ವಾ?”

“ಮತ್ತೆ ವಾಸ್ತು?”

“ವಾಸ್ತುಪುರುಷ ಅಡ್ಜಸ್ಟ್ ಮಾಡ್ಕೊತಾನೆ. ನಂಗೆ ನನ್ನ ಪುರುಷ ಕಣ್ಣೆದುರಿಗಿದ್ರೆ ಸಾಕು.”

ನಾನು ಸಂಚು ಹೂಡುತ್ತಿದ್ದೇನೆಂದು ಬೀಗುತ್ತಿದ್ದ ಅಷ್ಟೂ ದಿನ ಅವಳು ಕಾಯಿ ಸೋಸುತ್ತ ಕಾವಲು ಕಾಯುತ್ತಿದ್ದಳು. ಕೋಪ ಬರಬೇಕಿತ್ತು, ಬರಲಿಲ್ಲ. ಗುಮ್ಮಟದ ಬಾಯಿಗೆ ಕಮಾನು ಕಟ್ಟುವುದು ಬಾಕಿಯಿತ್ತು, ಹೋಗಿ ಕಟ್ಟಿದೆ.

ಆಗಸ್ಟ್ 23, ಶನಿವಾರ

ಮರಳು ತೆಗೆದೆ. ನಿಂತಿತು!

ಕೈ ಒಳಗೆ ಹಾಕಿ ಹಿಡಿಹಿಡಿಯಾಗಿ ಮರಳು ಎಳೆಯುವಾಗ ಉಸಿರು ಬಿಗಿಹಿಡಿದಿದ್ದೆ. ಈಗ ಕೆಲವು ವಾರ ದಿನಾ ಸಣ್ಣ ಬೆಂಕಿ ಹಾಕಿ ಒಳಗಿನ ತೇವ ಆರಿಸಬೇಕು. ಆತುರಪಟ್ಟರೆ ಬಿರಿಯುತ್ತದೆ. ಇವತ್ತಿನ ಮೊದಲ ಬೆಂಕಿಯಲ್ಲಿ ಅಲಮೇಲು ಬದನೆಕಾಯಿ ಸುಟ್ಟು ಗೊಜ್ಜು ಮಾಡಿದಳು. ಇಟಲಿಯವರು ಕ್ಷಮಿಸಲಿ, ಎರಡು ಸಲ ಬಡಿಸಿಕೊಂಡೆ.

ಬೂದಿ ಗುಡಿಸುವ ಕೆಲಸ ನನ್ನದು ಎಂದಳು ಗಾರ್ಗಿ. ಓದಿನ ನಡುವೆ ಒಂದು ಬ್ರೇಕ್ ಬೇಕಂತೆ. ಒಳ್ಳೆಯ ಹುಡುಗಿ.

ಸೆಪ್ಟೆಂಬರ್ 18, ಗುರುವಾರ

ಊರಿಗೇ ಹೊಗೆ. ಇಂಡೋನೇಷ್ಯಾದಲ್ಲಿ ಕಾಡು ಉರಿಯುತ್ತಿದೆಯಂತೆ. ಸೂರ್ಯ ಸಾರಿನೊಳಗಿನ ಟೊಮೆಟೊ ಥರ ಕಾಣಿಸುತ್ತಾನೆ. ಎಂಆರ್‌ಟಿ ರೈಲಿನಲ್ಲಿ ಜನ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂತಿರುತ್ತಾರೆ. ಇಂಥ ಹೊತ್ತಿನಲ್ಲಿ ಹಿತ್ತಲಿನಲ್ಲಿ ಬೆಂಕಿ ಹಚ್ಚಿದರೆ ಅಕ್ಕಪಕ್ಕದವರು ನನ್ನನ್ನೇ ಒಲೆಗೆ ಹಾಕುತ್ತಾರೆ. ಹಾಗಾಗಿ ಒಲೆ ಉಪವಾಸ. ತೇವ ಮರಳಿ ಹಿಡಿಯುತ್ತದೋ ಎಂದು ದಿನಕ್ಕೆ ಹತ್ತು ಸಲ ಮುಟ್ಟಿ ನೋಡುತ್ತೇನೆ.

ಗಾರ್ಗಿ ಮೂಸುವುದನ್ನು ಬಿಟ್ಟಿದ್ದಾಳೆ. ಇಡೀ ಸಿಂಗಾಪುರವೇ ಹೊಗೆ ನಾರುವಾಗ ಯಾರ ಕಾಲರ್ ಮೂಸಿ ಏನು ಪ್ರಯೋಜನ?

ಸೆಪ್ಟೆಂಬರ್ 21, ಭಾನುವಾರ

ಅಲಮೇಲು ಅಂಗೈ ಚಾಚಿ ನನ್ನ ಮುಂದೆ ನಿಂತಳು. ಅಂಗೈ ಮೇಲೆ ಸಿಗರೇಟಿನ ತುಂಡು. ಒಲೆಯ ಬಾಯೊಳಗೆ, ಬೂದಿಯಡಿ ಸಿಕ್ಕಿತಂತೆ.

“ನಂದಲ್ಲ” ಎಂದೆ.

“ಹೂಂ.”

“ನಿಜವಾಗ್ಲೂ ನಂದಲ್ಲ ಕಣೇ. ನಾನು ಸೇದಿ ಎಷ್ಟು ದಿನ ಆಯ್ತು ಅಂದ್ರೆ...” ಎನ್ನುತ್ತ ಲೆಕ್ಕ ಹಾಕಲು ಹೋದೆ, ನೆನಪಾಗಲಿಲ್ಲ. ಇಟ್ಟಿಗೆಯ ರಾಶಿಯ ಹಿಂದೆ ಸೇದಿದ್ದೇ ಕೊನೆಯದಿರಬೇಕು. ಅದನ್ನು ಹೇಳಿಕೊಳ್ಳುವಂತೆಯೂ ಇರಲಿಲ್ಲ. ತಡವರಿಸಿದೆ. ತಡವರಿಸುವವನನ್ನು ಯಾರು ನಂಬುತ್ತಾರೆ?

“ನಾಳೆ ಸಂಜೆ ತನಕ ಟೈಮ್ ಕೊಡ್ತೀನಿ. ನಿಜ ಹೇಳಿ” ಎಂದು ಒಳಗೆ ಹೋದಳು. ಬದುಕಿನಲ್ಲಿ ಮೊದಲ ಬಾರಿ ನಿಜ ಹೇಳಿದ್ದೇನೆ, ಅದಕ್ಕೇ ವಾಯಿದೆ ಬಿದ್ದಿದೆ.

ಸೆಂಗ್‌ನೇ ಬೇಲಿಯಾಚೆಯಿಂದ ಎಸೆದಿರಬೇಕೆಂದು ಜಗಳಕ್ಕೆ ಹೋದೆ. ಅವನು ತುಂಡನ್ನು ನೋಡಿ ನಕ್ಕ. “ಇದು ತೆಳ್ಳಗಿನದು, ಪುದೀನದ್ದು. ಹುಡುಗಿಯರು ಸೇದುವಂಥದ್ದು ಲಾ.”

ಸೆಪ್ಟೆಂಬರ್ 22, ಸೋಮವಾರ

ಗಾರ್ಗಿ ಬೆಳಿಗ್ಗೆ ಒಲೆಯ ಮುಂದೆ ಗುಡಿಸುತ್ತಿದ್ದಳು. ಬಲಗೈಯಲ್ಲಿ ಪೊರಕೆ. ಎಡಗೈಯನ್ನು ಮೈಯಿಂದ ದೂರ, ಗಾಳಿ ಹೋಗುವ ಕಡೆಗೆ ಚಾಚಿ, ಎರಡು ಬೆರಳು ಸ್ವಲ್ಪ ಬಿಡಿಸಿ ಹಿಡಿದಿದ್ದಳು. ಬೆರಳ ನಡುವೆ ಏನೂ ಇರಲಿಲ್ಲ. ಕೈಗೆ ಅಭ್ಯಾಸವಾಗಿಬಿಟ್ಟಿದೆ, ಅಷ್ಟೇ. ಬಟ್ಟೆಗೆ ವಾಸನೆ ಹತ್ತದಂತೆ ಹಾಗೆ ಹಿಡಿಯುವುದನ್ನು ಕದ್ದು ಸೇದುವವರು ಮಾತ್ರ ಬಲ್ಲರು. ಇಪ್ಪತ್ತು ವರ್ಷ ನಾನು ಹಿಡಿದಿದ್ದೇನೆ.

ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ನನ್ನ ಕಳ್ಳತನಕ್ಕೆಂದು ಕಟ್ಟಿದ ಮರೆಯಲ್ಲಿ ನನ್ನ ಮಗಳು ನಿಂತಿದ್ದಾಳೆ.

“ಎಕ್ಸಾಮ್ ಟೆನ್ಷನ್ನಾ?” ಎಂದು ಕೇಳಿದೆ. ಅವಳು ತಿರುಗಿ ನೋಡಿದಳು. ಮುಖ ಬೂದಿಯ ಬಣ್ಣಕ್ಕೆ ತಿರುಗಿತು. “ಇನ್ಮೇಲೆ ಗುಡಿಸೋ ಕೆಲಸ ನಂದು. ನೀನು ಓದ್ಕೋ ಹೋಗು” ಎಂದೆ. ಬೈಯಬೇಕೆಂದು ಬಾಯಿ ತೆರೆದರೆ ನನ್ನ ಎಲ್ಲ ಬೈಗುಳಗಳೂ ನನಗೇ ಸರಿಹೊಂದುತ್ತಿದ್ದವು.

ಸಂಜೆ ಅಲಮೇಲು ಕೇಳುವ ಮೊದಲೇ ಹೇಳಿದೆ: “ಹೌದು, ನಾನೇ ಸೇದಿದ್ದು.”

ನನ್ನನ್ನು ನಂಬದಿರುವುದು ಅವಳಿಗೆ ಹಳೆಯ ಅಭ್ಯಾಸ. ಅದನ್ನು ಮಗಳ ವಿಷಯದಲ್ಲೂ ಕಲಿಯುವುದು ಬೇಡ. ಈ ದಿನಚರಿ ತೋರಿಸಿದರೆ ನಾನು ನಿರಪರಾಧಿ ಎಂದು ತಿಳಿಯುತ್ತದೆ, ನಿಜ. ಜೂನ್ ಹನ್ನೊಂದನೆಯ ತಾರೀಖಿನಲ್ಲಿ ಮಹಾ ಅಪರಾಧಿ ಎಂದೂ ತಿಳಿಯುತ್ತದೆ.

ಸೆಪ್ಟೆಂಬರ್ 30, ಮಂಗಳವಾರ

ಅನ್ನ ಹಾಕುತ್ತಾಳೆ. ಬಟ್ಟೆ ಒಗೆಯುತ್ತಾಳೆ.

ಅಕ್ಟೋಬರ್ 4, ಶನಿವಾರ

ಇವತ್ತು “ಮಾತ್ರೆ ತೊಗೊಂಡೆ” ಎಂದೆ. ಅವಳು ಮಾತಾಡದೆ ಡಬ್ಬಿ ತೆಗೆದು ಮಾತ್ರೆ ಎಣಿಸಿ ನೋಡಿದಳು. ಬಚ್ಚಲಿಗೆ ಹೋಗಿ ಅತ್ತೆ. ನಲವತ್ತೆಂಟು ವರ್ಷದ ಗಂಡಸು, ನಲ್ಲಿ ತಿರುಗಿಸಿಕೊಂಡು.

ಸೆಂಗ್‌ಗೆ ನನ್ನ ಮುಖ ನೋಡಿ ಕನಿಕರ ಹುಟ್ಟಿರಬೇಕು, ಒಂದು ಕೊಟ್ಟ. ಶಿಕ್ಷೆ ಆಗಿಹೋಗಿದೆ, ಇನ್ನು ಅಪರಾಧ ಮಾಡಿದರೆ ನ್ಯಾಯವೇ ಅಲ್ಲವೇ? ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು ವಾಪಸು ಕೊಟ್ಟೆ. ಕಮಾನಿನ ಎಡಗಡೆ ಕೂದಲೆಳೆಯಂಥ ಬಿರುಕು ಕಂಡಿತ್ತು, ಮಳೆ ಬರುವ ಮೊದಲು ಮೆತ್ತಬೇಕಿತ್ತು.

ಅಕ್ಟೋಬರ್ 12, ಭಾನುವಾರ

ನಿನ್ನೆ ಮಳೆ ಹುಯ್ದು ಆಕಾಶ ತೊಳೆದಿಟ್ಟಂತಾಗಿತ್ತು. ಇವತ್ತು ಒಲೆಗೆ ಮೊದಲ ದೊಡ್ಡ ಬೆಂಕಿ. ಗುಮ್ಮಟದ ಒಳಮೈ ಮೊದಲು ಕಪ್ಪಾಗಿ, ಆಮೇಲೆ ಮಸಿಯೆಲ್ಲ ಉರಿದು ಬೆಳ್ಳಗಾಯಿತು. ಅಷ್ಟಾದರೆ ಒಲೆ ಕಾದಿದೆ ಎಂದರ್ಥ. ಕೆಂಡವನ್ನು ಹಿಂದಕ್ಕೆ ತಳ್ಳಿ ನೆಲ ಗುಡಿಸಿದೆ. ಅಲಮೇಲು ಹಿಟ್ಟು ಕಲಸಿ ಲಟ್ಟಿಸಿ ತಂದಿಟ್ಟಳು, ಮಾತಿಲ್ಲದೆ. ಗಾರ್ಗಿ ಮೇಲೆ ಚೀಸು, ಹಸಿಮೆಣಸಿನಕಾಯಿ ಹರಡಿದಳು. ಮರದ ಸಟ್ಟುಗದಲ್ಲಿ ಒಳಗೆ ಜಾರಿಸಿದೆ. ಅಂಚು ಉಬ್ಬಿ, ಅಲ್ಲಲ್ಲಿ ಕಂದಿ, ಕಣ್ಣು ಮಿಟುಕಿಸುವಷ್ಟರಲ್ಲಿ ಬೆಂದು ಬಂತು. ಎಂಥ ಪರಿಮಳ!

ಅಲಮೇಲು ಅದನ್ನು ಕತ್ತರಿಸಿ, ಮೊದಲ ತುಂಡನ್ನು ಗಾರ್ಗಿಯ ತಟ್ಟೆಗೆ ಹಾಕಿದಳು. ಗಾರ್ಗಿ ಮುಟ್ಟಲಿಲ್ಲ.

“ಅಮ್ಮಾ, ಆ ಸಿಗರೇಟು ಅಪ್ಪಂದಲ್ಲ. ನಂದು.”

ಅಲಮೇಲು ಚಾಕು ಕೆಳಗಿಟ್ಟಳು.

“ಫ್ರೆಂಡ್ಸ್ ಕೊಟ್ರು. ನಾಲ್ಕೈದು ಸಲ. ಈಗ ಇಲ್ಲ. ಅಪ್ಪಂಗೆ ಗೊತ್ತಿತ್ತು. ಗೊತ್ತಿದ್ದೂ ತಾನೇ ಅಂತ ಹೇಳಿದ್ರು.” ಅಷ್ಟು ಹೇಳಿ ತಟ್ಟೆಯನ್ನು ನನ್ನ ಕಡೆಗೆ ಸರಿಸಿದಳು.

“ಇಲ್ಲಮ್ಮಾ, ಅದು ಏನಾಯ್ತು ಅಂದ್ರೆ...” ಎಂದು ನಾನು ಏನಾದರೊಂದು ಕಟ್ಟಲು ಹೊರಟೆ.

“ನೀವು ಸುಮ್ನಿರ್ರೀ” ಎಂದಳು ಅಲಮೇಲು. ಮಗಳ ತಲೆಯನ್ನು ಒಂದು ಕೈಯಿಂದ ತನ್ನ ಸೊಂಟಕ್ಕೆ ಒತ್ತಿ ಹಿಡಿದುಕೊಂಡು ನನ್ನ ಕಡೆ ತಿರುಗಿದಳು.

“ಇಪ್ಪತ್ತು ವರ್ಷದಿಂದ ಸುಳ್ಳು ಹೇಳ್ತಾನೇ ಬಂದಿದೀರಿ. ಒಂದೂ ಬಿಡದೆ ಹಿಡಿದಿದೀನಿ. ಇದೊಂದನ್ನ ಮಾತ್ರ ನಂಬಿಬಿಟ್ಟೆ ನೋಡಿ.”

ನಾನು ತಲೆ ತಗ್ಗಿಸಿ ಒಲೆಯ ಬಾಯಿಯ ಕಡೆ ತಿರುಗಿ, ಕಣ್ಣಿಗೆ ಹೊಗೆ ಹೋಯಿತು ಎಂದೆ. ಒಲೆಯಲ್ಲಿ ಆಗ ಬರೀ ಕೆಂಡವಿತ್ತು, ಹೊಗೆಯ ಎಳೆಯೂ ಇರಲಿಲ್ಲ. ಅವಳು ಅದನ್ನು ನೋಡಿದಳು, ಆದರೂ “ಹೌದು, ನನಗೂ ಹೋಯ್ತು” ಎಂದಳು.